ವೇಕ್ ಎತ್ತರ ಆಯಿತು, ಆದರೆ ಎಡಗಡೆ ಬರೀ ನೊರೆ: ಬೋಟಿನ ಬ್ಯಾಲಸ್ಟ್ ಹೊಂದಿಸುವ ಬಗೆ

ಪ್ರಶ್ನೆ: ನಮ್ಮದು 20 ಅಡಿಯ ಬೌರೈಡರ್ (ಮೂತಿಯಲ್ಲೂ ಸೀಟಿರುವ ಬೋಟು), ಹಿಂದೆ 150 ಎಚ್‌ಪಿ ಫೋರ್‌ಸ್ಟ್ರೋಕ್ ಔಟ್‌ಬೋರ್ಡ್ (ಬೋಟಿನ ಹಿಂಬದಿಗೆ ಹೊರಗಡೆ ತೂಗುಹಾಕುವ ಎಂಜಿನ್). ಬೆಂಗಳೂರಿನಿಂದ ಟ್ರೇಲರ್‌ನಲ್ಲಿ ಎಳೆದುಕೊಂಡು ಹೋಗಿ, ಅನುಮತಿ ಇರುವ ಜಲಾಶಯವೊಂದರ ಹಿನ್ನೀರಿನಲ್ಲಿ ಓಡಿಸುತ್ತೇವೆ. ವೇಕ್‌ಬೋರ್ಡಿಂಗ್‌ಗೆ (ಬೋಟಿನ ಹಿಂದೆ ಹಗ್ಗ ಹಿಡಿದು ಬೋರ್ಡ್ ಮೇಲೆ ಜಾರುವ ಆಟ) ಅಲೆ ದೊಡ್ಡದಾಗಲಿ ಎಂದು ತಲಾ 340 ಕೆಜಿಯ ಎರಡು ನೀರಿನ ಚೀಲಗಳನ್ನು ಬ್ಯಾಲಸ್ಟ್ ಆಗಿ, ಅಂದರೆ ಬೋಟನ್ನು ಆಳಕ್ಕೆ ಕೂರಿಸುವ ಭಾರವಾಗಿ, ಹಿಂದಿನ ಸೀಟಿನ ಎರಡೂ ಪಕ್ಕ ಇಟ್ಟೆವು. ವೇಕ್ (ಬೋಟಿನ ಹಿಂದೆ ಏಳುವ ಅಲೆ) ಎತ್ತರ ಆಯಿತು, ಆದರೆ ಎಡಗಡೆಯದು ಬರೀ ನೊರೆ. ಆರು ಜನ ಕೂತರೆ ಬೋಟು ಪ್ಲೇನ್ ಆಗುವುದಕ್ಕೇ (ನೀರಿನ ಮೇಲೆದ್ದು ಜಾರುವುದಕ್ಕೇ) ಒದ್ದಾಡುತ್ತದೆ, ಫುಲ್ ಥ್ರಾಟಲ್ ಕೊಟ್ಟರೂ ಆರ್‌ಪಿಎಂ 4,500 ದಾಟುವುದಿಲ್ಲ. ಬೋಟಿನ ಫಲಕದಲ್ಲಿ ಗರಿಷ್ಠ ಭಾರ 1,900 ಪೌಂಡ್ ಎಂದಿದೆ. ಮುಂದೆ ಇನ್ನೊಂದು ಚೀಲ ಹಾಕಿದರೆ ಸರಿಹೋಗುತ್ತದೆಯೇ?
ಓದುಗರು, ಬನಶಂಕರಿ

ಉತ್ತರ: ಇನ್ನೊಂದು ಚೀಲ ಬೇಡ. ಈಗಿರುವ ಎರಡನ್ನೂ ಖಾಲಿ ಮಾಡಿ, ಲೆಕ್ಕವನ್ನು ಮೊದಲಿನಿಂದ ಹಾಕೋಣ.

ಫಲಕದ 1,900 ಪೌಂಡ್ ಅಂದರೆ 862 ಕೆಜಿ. ಅಮೆರಿಕದಲ್ಲಿ ತಯಾರಾದ ಔಟ್‌ಬೋರ್ಡ್ ಬೋಟುಗಳಲ್ಲಿ ಈ ಅಂಕಿ ಜನ, ಸಾಮಾನು, ಎಂಜಿನ್ ಮೂರನ್ನೂ ಸೇರಿಸಿದ್ದು. ಫಲಕದ ಸಾಲನ್ನು ಪೂರ್ತಿ ಓದದವರು ಎಂಜಿನ್ನಿನ ತೂಕ ಬಿಟ್ಟು ಲೆಕ್ಕ ಹಾಕಿಬಿಡುತ್ತಾರೆ. 150 ಎಚ್‌ಪಿ ಫೋರ್‌ಸ್ಟ್ರೋಕ್ ಎಂಜಿನ್ ಸುಮಾರು 210 ಕೆಜಿ ತೂಗುತ್ತದೆ. ಅದನ್ನು ಕಳೆದರೆ 652. ಚಾಲಕ, ಹಿಂದೆ ನೋಡುತ್ತಾ ಕೂರುವವರು, ಬೋರ್ಡ್ ಮೇಲಿರುವವರು, ಈ ಮೂವರಿಗೆ ತಲಾ 75 ಕೆಜಿಯಂತೆ 225 ಕಳೆಯಿರಿ. ಸವಾರ ನೀರಿನಲ್ಲಿದ್ದಾನಲ್ಲ ಎಂದು ಬಿಡುವ ಹಾಗಿಲ್ಲ, ಅವನು ವಾಪಸ್ ಹತ್ತಲೇಬೇಕು. ಉಳಿದದ್ದು 427. ಬ್ಯಾಟರಿ, ಹಗ್ಗ, ಬೋರ್ಡು, ಲೈಫ್ ಜಾಕೆಟ್, ಲಂಗರು ಎಲ್ಲಕ್ಕೂ 50. ಕೊನೆಗೆ ನಿಮ್ಮ ಕೈಯಲ್ಲಿ ಉಳಿಯುವುದು ಸುಮಾರು 375 ಕೆಜಿ, ಅದೂ ಬೋಟಿನಲ್ಲಿ ಮೂವರೇ ಇದ್ದಾಗ. ಮೇಲೆ ಹತ್ತುವ ಪ್ರತಿಯೊಬ್ಬರೂ ಅದರಲ್ಲಿ 75 ತಿನ್ನುತ್ತಾರೆ.

ನೀವು ಹೊತ್ತಿದ್ದು? ಚೀಲಗಳೇ 680, ಆರು ಜನ 450, ಎಂಜಿನ್ 210, ಸಾಮಾನು 50. ಒಟ್ಟು 1,390 ಕೆಜಿ. ಮಿತಿಗಿಂತ ಅರ್ಧ ಟನ್ನಿಗೂ ಹೆಚ್ಚು. ಬೋಟು ಪ್ಲೇನ್ ಆಗಲು ಒದ್ದಾಡಿದ್ದರಲ್ಲಿ ಆಶ್ಚರ್ಯವಿಲ್ಲ, ಅಷ್ಟಾದರೂ ಎದ್ದಿತಲ್ಲ ಅನ್ನುವುದೇ ಆಶ್ಚರ್ಯ. ವಿದೇಶದ ವೀಡಿಯೊಗಳಲ್ಲಿ ಒಂದೂವರೆ ಟನ್ ನೀರು ತುಂಬಿಕೊಂಡು ಓಡುವ ಬೋಟುಗಳು ಅದಕ್ಕೆಂದೇ ಕಟ್ಟಿದ ಇನ್‌ಬೋರ್ಡ್‌ಗಳು, ಅಂದರೆ ಎಂಜಿನ್ ಬೋಟಿನೊಳಗೇ ಇರುವಂಥವು. ಅವುಗಳ ಹಲ್ (ಬೋಟಿನ ಒಡಲು) ಬೇರೆ, ಎಂಜಿನ್ ಇರುವ ಜಾಗ ಬೇರೆ, ಅಂಚಿನ ಎತ್ತರವೂ ಬೇರೆ. ಅವರ ಅಂಕಿ ನಿಮ್ಮ ಬೋಟಿಗೆ ಹೊಂದುವುದಿಲ್ಲ.

ಇನ್ನು ವೇಕ್ ವಿಷಯ. ಹಲ್ ನೀರನ್ನು ಪಕ್ಕಕ್ಕೆ ತಳ್ಳಿ ಹಿಂದೆ ಒಂದು ಹಳ್ಳ ಬಿಟ್ಟು ಹೋಗುತ್ತದೆ. ಆ ಹಳ್ಳ ತುಂಬಲು ಎರಡೂ ಬದಿಯಿಂದ ನುಗ್ಗುವ ನೀರೇ ನಿಮ್ಮ ವೇಕ್. ತೂಕ ಹೆಚ್ಚಿದರೆ ಹಳ್ಳ ಆಳ, ವೇಕ್ ಎತ್ತರ. ವೇಗ ಹೆಚ್ಚಿದರೆ ಹಲ್ ಮೇಲೇಳುತ್ತದೆ, ಹಳ್ಳ ಉದ್ದವಾಗುತ್ತದೆ, ವೇಕ್ ತುಸು ತಗ್ಗಿದರೂ ಗಟ್ಟಿಯಾಗುತ್ತದೆ. ತೂಕಕ್ಕೆ ತಕ್ಕ ವೇಗ ಇಲ್ಲದಿದ್ದರೆ ನೆತ್ತಿ ತನ್ನ ಮೇಲೆ ತಾನೇ ಕುಸಿದು ಬಿಳಿ ನೊರೆಯಾಗುತ್ತದೆ. ಬೆಳ್ಳಂದೂರು ಕೆರೆಯ ದಯೆಯಿಂದ ಬೆಂಗಳೂರಿನವರಿಗೆ ನೊರೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇಲ್ಲಿ ಮಾತ್ರ ಅದಕ್ಕೊಂದು ಅರ್ಥವಿದೆ: ತೂಕ, ವೇಗ, ಸಮತೋಲ ಮೂರರಲ್ಲಿ ಯಾವುದೋ ಒಂದು ತಪ್ಪಿದೆ. ಎತ್ತರವಿದ್ದೂ ಒಡೆಯುವ ವೇಕ್‌ಗಿಂತ ಗಿಡ್ಡಗಿದ್ದರೂ ಗಟ್ಟಿಯಾದ ವೇಕ್ ಮೇಲು. ಬೋರ್ಡ್ ಚಿಮ್ಮಬೇಕಾದರೆ ಕಾಲಡಿ ಗಟ್ಟಿ ನೀರು ಬೇಕು, ನೊರೆಯ ಮೇಲೆ ಅದು ಹೂತುಹೋಗುತ್ತದೆ.

ಹಾಗಾಗಿ ಮುಂದಿನ ಸಲ ಹೋದಾಗ ಚೀಲಗಳನ್ನು ಮನೆಯಲ್ಲೇ ಬಿಟ್ಟು ಹೋಗಿ. ಮೂವರೇ ಹತ್ತಿ. 30, 32, 34, 36 ಕಿ.ಮೀ. ವೇಗದಲ್ಲಿ ಒಂದೊಂದು ನೇರ ಓಟ ಓಡಿಸಿ, ಹಿಂದೆ ಕೂತವರು ಫೋನಿನಲ್ಲಿ ವೇಕ್ ಚಿತ್ರೀಕರಿಸಲಿ. ವೇಗವನ್ನು ಜಿಪಿಎಸ್‌ನಲ್ಲೇ ನೋಡಿ. ನೀರಿನ ಒತ್ತಡದಿಂದ ಅಳೆಯುವ ಮೀಟರು ಬೋಟಿನ ಮೂತಿ ಏರಿಳಿದಂತೆ ಬೇರೆ ಬೇರೆ ಅಂಕಿ ತೋರಿಸುತ್ತದೆ, ಅದರ ರಂಧ್ರದಲ್ಲಿ ಕಳೆ ಸಿಕ್ಕರೆ ಏನನ್ನೂ ತೋರಿಸುವುದಿಲ್ಲ. ವೇಕ್‌ಬೋರ್ಡಿಂಗ್ ಸಾಮಾನ್ಯವಾಗಿ ನಡೆಯುವುದು 29ರಿಂದ 38 ಕಿ.ಮೀ. ನಡುವೆ. ಆರಂಭಿಕರಿಗೆ ಇನ್ನೂ ನಿಧಾನ ಸಾಕು.

ಇದೇ ಓಟಗಳಲ್ಲಿ ಎಂಜಿನ್ ಟ್ರಿಮ್ (ಎಂಜಿನ್ನಿನ ಓರೆ) ಕೂಡ ಆಡಿಸಿ ನೋಡಿ. ಔಟ್‌ಬೋರ್ಡ್ ಇರುವವರಿಗೆ ಇದು ಪುಕ್ಕಟೆ ಸಿಕ್ಕ ಬ್ಯಾಲಸ್ಟ್. ಟ್ರಿಮ್ ಪೂರ್ತಿ ಕೆಳಗಿದ್ದರೆ ಮೂತಿ ತಗ್ಗುತ್ತದೆ, ವೇಕ್ ಗಿಡ್ಡಗೆ, ನುಣ್ಣಗೆ ಬರುತ್ತದೆ. ಸ್ವಲ್ಪ ಸ್ವಲ್ಪವೇ ಮೇಲೆತ್ತಿದರೆ ಹಿಂಬದಿ ಕೂತು ವೇಕ್ ಕಡಿದಾಗುತ್ತದೆ. ಮೂತಿ ಮೇಲಕ್ಕೂ ಕೆಳಕ್ಕೂ ಕುಣಿಯಲು ಶುರುವಾದರೆ ಮಿತಿ ಮೀರಿತು ಅಂತ, ಹಿಂದಕ್ಕೆ ಬನ್ನಿ. ಹೊರಡುವಾಗ ಮಾತ್ರ ಯಾವಾಗಲೂ ಟ್ರಿಮ್ ಪೂರ್ತಿ ಕೆಳಗೇ ಇರಲಿ.

ಹಗ್ಗದ ಉದ್ದ ಇನ್ನೊಂದು. ವೀಡಿಯೊದಲ್ಲಿ ಬೋಟಿನ ಹಿಂದೆ ವೇಕ್ ಎಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಎಲ್ಲಿಂದ ಒಡೆಯುತ್ತದೆ ಎಂದು ನೋಡಿ. ಸವಾರ ವೇಕ್ ದಾಟಬೇಕಾದ್ದು ಒಡೆಯುವ ಜಾಗಕ್ಕಿಂತ ಮುಂದೆ, ಅಂದರೆ ಬೋಟಿಗೆ ಹತ್ತಿರದಲ್ಲಿ. ಹಗ್ಗದಲ್ಲಿ 5 ಅಡಿಗೊಂದು ತುಂಡು ಬಿಚ್ಚಿ ಹಾಕುವ ವ್ಯವಸ್ಥೆ ಇರುವುದೇ ಇದಕ್ಕೆ. ನಿಮ್ಮ ಬೋಟಿಗೆ 60 ಅಡಿಯಿಂದ ಶುರು ಮಾಡಿ. 75 ಅಡಿ ಕಟ್ಟಿಕೊಂಡು ವೇಕ್ ಸರಿಯಿಲ್ಲ ಎಂದು ಬೈಯುವವರು ಕಡಿಮೆಯೇನಿಲ್ಲ.

ನೀರಿನ ಆಳವನ್ನೂ ಮರೆಯಬೇಡಿ. ಕನಿಷ್ಠ 3 ಮೀಟರ್ ಬೇಕು, 5 ಮೀಟರ್ ಇದ್ದರೆ ನೆಮ್ಮದಿ. ಆಳ ಕಡಿಮೆಯಾದ ಕಡೆ ಅದೇ ತೂಕ, ಅದೇ ವೇಗದಲ್ಲೂ ವೇಕ್ ಕೆಟ್ಟುಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಜಲಾಶಯಗಳು ಇಳಿದಾಗ, ಮಳೆಗಾಲದ ನಂತರ ಚೆನ್ನಾಗಿದ್ದ ಹಾದಿಯೇ ಅಪಾಯದ ಹಾದಿಯಾಗಬಹುದು. ಕಬಿನಿ ಹಿನ್ನೀರಿನ ಒಣಮರಗಳ ಫೋಟೋ ನೋಡಿರುತ್ತೀರಿ. ಅಂಥವು ನೀರಿನ ಮೇಲೆ ಕಾಣುವವರೆಗೆ ಚಿಂತೆಯಿಲ್ಲ, ಒಂದಡಿ ಕೆಳಗೆ ಕಾಣದೆ ನಿಂತ ಬೊಡ್ಡೆ ಪ್ರೊಪೆಲರ್ ಮುರಿಯುತ್ತದೆ. ಬ್ಯಾಲಸ್ಟ್ ತುಂಬಿದ ಬೋಟಿನ ಪ್ರೊಪೆಲರ್ ಮಾಮೂಲಿಗಿಂತ ಕೆಳಗಿರುತ್ತದೆ ಅನ್ನುವುದು ನೆನಪಿರಲಿ.

ಇಷ್ಟು ನೋಡಿಕೊಂಡ ಮೇಲೆ ತೂಕಕ್ಕೆ ಬನ್ನಿ. ಇನ್‌ಬೋರ್ಡ್ ಬೋಟುಗಳಿಗೆ ಹಿಂದೆ 60, ಮುಂದೆ 40 ಎಂಬ ಪಾಲನ್ನು ಸಾಮಾನ್ಯವಾಗಿ ಹೇಳುತ್ತಾರೆ. ನಿಮ್ಮದರಲ್ಲಿ 210 ಕೆಜಿ ಎಂಜಿನ್ ಈಗಾಗಲೇ ಟ್ರಾನ್ಸಮ್‌ಗೆ (ಬೋಟಿನ ಹಿಂಗೋಡೆಗೆ) ನೇತುಬಿದ್ದಿದೆ. ಆದ್ದರಿಂದ ಸಮಪಾಲಿನಿಂದ ಶುರು ಮಾಡುವುದು ಸರಿ: ಮುಂದೆ 180 ಕೆಜಿಯ ಒಂದು ಚೀಲ, ಹಿಂದೆ ಎರಡು ಮೂಲೆಗೆ ತಲಾ 90 ಕೆಜಿಯದೊಂದು. ಒಟ್ಟು 360. ಒಂದು ಲೀಟರ್ ನೀರು ಒಂದು ಕೆಜಿ ಆದ್ದರಿಂದ ಅಳತೆ ಸುಲಭ. ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 1,000ದಿಂದ ಭಾಗಿಸಿ. 120×50×30ರ ಚಪ್ಪಟೆ ಚೀಲ 180 ಲೀಟರ್, 100×30×30ರದು 90.

ಮುಂದಿನ ಚೀಲವನ್ನು ಮೂತಿಯ ತುದಿಗೆ ತಳ್ಳಬೇಡಿ. ವಿಂಡ್‌ಶೀಲ್ಡ್‌ನ ಮುಂದೆಯೇ, ನಡುವಿನ ನೆಲದಲ್ಲಿ ಉದ್ದಕ್ಕೆ ಮಲಗಿಸಿ. ಮುಂದಿನ ತೂಕ ಹೆಚ್ಚಾದಷ್ಟೂ ವೇಕ್‌ನ ಏರು ಉದ್ದವಾಗಿ, ನಿಧಾನವಾಗಿ ಏಳುತ್ತದೆ. ಹಿಂದಿನದು ಹೆಚ್ಚಾದಷ್ಟೂ ಗಿಡ್ಡ, ಕಡಿದು. ಕಲಿಯುವವರಿಗೆ ಮೊದಲನೆಯದೇ ಹಿತ. ಹಿಂದಿನ ತೂಕ ಹೆಚ್ಚಿಸಬೇಕೆನಿಸಿದರೆ ಹೊಸ ನೀರು ತುಂಬಬೇಡಿ, ಮುಂದಿನ ಚೀಲವನ್ನೇ ಒಂದಡಿ ಹಿಂದಕ್ಕೆ ಎಳೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಸಲವೂ ವೀಡಿಯೊ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ಬೋಟಿನಲ್ಲಿ ಒಟ್ಟು ಐವರಾದರೆ? 375ರಲ್ಲಿ 150 ಹೋಯಿತು, ಉಳಿದದ್ದು 225. ಮುಂದಿನ ಚೀಲ ಖಾಲಿ ಬಿಟ್ಟು ಹಿಂದಿನ ಎರಡನ್ನು ಮಾತ್ರ ತುಂಬಿ, ಹೆಚ್ಚುವರಿ ಇಬ್ಬರನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ಆರು ಜನ ಆದರೆ ಉಳಿಯುವುದು 150, ಹಿಂದಿನ ಎರಡನ್ನೂ ಪೂರ್ತಿ ತುಂಬುವಂತಿಲ್ಲ. ಆವತ್ತು ಬ್ಯಾಲಸ್ಟ್ ಬೇಡವೇ ಬೇಡ. ಜನರೇ ಬ್ಯಾಲಸ್ಟ್, ಅವರು ಹೇಳಿದ ಜಾಗದಲ್ಲಿ ಅಲುಗಾಡದೆ ಕೂರಬೇಕು ಅಷ್ಟೆ.

ಈಗ ಎಡಗಡೆಯ ನೊರೆ. ಒಂದೇ ಬದಿಯ ವೇಕ್ ಒಡೆಯುತ್ತಿದ್ದರೆ ಬೋಟು ಇನ್ನೊಂದು ಬದಿಗೆ ವಾಲಿದೆ ಎಂದರ್ಥ. ಆಳಕ್ಕೆ ಕೂತ ಬದಿಯ ವೇಕ್ ಚೊಕ್ಕವಾಗಿರುತ್ತದೆ, ಎದ್ದ ಬದಿಯದು ಕುಸಿಯುತ್ತದೆ. ಆದ್ದರಿಂದ ತೂಕವನ್ನು ನೊರೆ ಇರುವ ಬದಿಗೇ ಸರಿಸಬೇಕು. ಮೊದಲ ಸಲ ಕೇಳಿದವರಿಗೆ ಇದು ಉಲ್ಟಾ ಅನ್ನಿಸುತ್ತದೆ. ನಿಮ್ಮ ಬೋಟು ಬಲಕ್ಕೆ ವಾಲುತ್ತಿದೆ. ಬಲಗಡೆ ಚಾಲಕರ ಸೀಟು. ಅವರ ಹಿಂದೆ ಇನ್ನಿಬ್ಬರು ಕೂತು, ಬ್ಯಾಟರಿ, ಕೂಲರ್ ಬಾಕ್ಸ್ ಕೂಡ ಅದೇ ಬದಿಗೆ ಸೇರಿದ್ದರೆ ಅಲ್ಲೇ ನೂರೈವತ್ತು ಇನ್ನೂರು ಕೆಜಿ ವ್ಯತ್ಯಾಸ. ಹಿಂದೆ ನೋಡುವವರನ್ನು ಎಡಗಡೆ ಕೂರಿಸಿ, ಕೂಲರ್ ಎಡಕ್ಕೆ ಹೋಗಲಿ. ಎಷ್ಟೋ ಸಲ ಇಷ್ಟರಲ್ಲೇ ನೊರೆ ಮಾಯ.

ನಿಂತ ನೀರಿನಲ್ಲಿ ರಸಮಟ್ಟ ಇಟ್ಟು ನೋಡಿ ಸರಿಯಿದೆ ಎಂದು ಕೈತೊಳೆದುಕೊಳ್ಳಬೇಡಿ. ಬಲಕ್ಕೆ ತಿರುಗುವ ಪ್ರೊಪೆಲರ್ ಬೋಟನ್ನು ಎಡಕ್ಕೆ ವಾಲಿಸಲು ನೋಡುತ್ತದೆ. ಥ್ರಾಟಲ್ ಹೆಚ್ಚಿದಷ್ಟೂ ಆ ಬಲ ಹೆಚ್ಚು. ಹಾಗಾಗಿ ನಿಂತಾಗಿನ ಮಟ್ಟ ಬೇರೆ, ಓಡುವಾಗಿನ ಮಟ್ಟ ಬೇರೆ. 32 ಕಿ.ಮೀ.ನಲ್ಲಿ ಓಡುವಾಗ ನೆಲದ ಮೇಲೆ ಅಡ್ಡಕ್ಕೆ ಇಟ್ಟ ಮಟ್ಟವೇ ಲೆಕ್ಕಕ್ಕೆ ಬರುವುದು. ಇಂಧನವೂ ಗಮನದಲ್ಲಿರಲಿ: 100 ಲೀಟರ್ ಪೆಟ್ರೋಲ್ ಸುಮಾರು 74 ಕೆಜಿ. ಬೆಳಿಗ್ಗೆ ಸರಿ ಇದ್ದ ಬೋಟು ಮಧ್ಯಾಹ್ನಕ್ಕೆ ಟ್ಯಾಂಕ್ ಅರ್ಧವಾದಾಗ ಬೇರೆ ಥರ ಓಡುತ್ತದೆ.

ಚೀಲವನ್ನು ಅರ್ಧ ತುಂಬಬೇಡಿ, ಇದು ಬಹಳ ಮುಖ್ಯ. ತಿರುವಿನಲ್ಲಿ ಬೋಟು ವಾಲಿದಾಗ ಅರ್ಧ ತುಂಬಿದ ಚೀಲದ ನೀರು ಅದೇ ಬದಿಗೆ ಹರಿದು, ವಾಲಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ನಿಮ್ಮ 340ರ ಚೀಲಗಳಲ್ಲಿ 90 ಕೆಜಿ ಮಾತ್ರ ತುಂಬಿ ಓಡಿಸಬಹುದಲ್ಲ ಅನ್ನುವ ಯೋಚನೆ ಬಂದಿದ್ದರೆ ಬಿಟ್ಟುಬಿಡಿ. ಸಣ್ಣ ಚೀಲ ತನ್ನಿ, ಪೂರ್ತಿ ತುಂಬಿ, ಕೊನೆಗೆ ಮುಚ್ಚಳ ಸಡಿಲಿಸಿ, ಚೀಲ ಒತ್ತಿ ಗಾಳಿ ಹೊರಹಾಕಿ ಬಿಗಿ ಮಾಡಿ. ಇಲ್ಲಿ ಮಾಡಿಸುವುದಾದರೆ ಬಿಸಿಯಿಂದ ಬೆಸೆದ ಪಿವಿಸಿ ಚೀಲವೇ ಆಗಬೇಕು. ಟಾರ್ಪಾಲಿನ್ ಅಂಗಡಿಯಲ್ಲಿ ದಾರದಿಂದ ಹೊಲಿಸಿದ್ದು ಸೂಜಿಯ ತೂತಿನಲ್ಲೇ ಸೋರುತ್ತದೆ.

ಚೀಲ ಕೊಳ್ಳುವ ಮೊದಲು ಪ್ರಯೋಗ ಮಾಡಿ ನೋಡಲು ಬೆಂಗಳೂರಿನ ಪ್ರತಿ ಮನೆಯಲ್ಲೂ ಸಾಧನ ಇದೆ, 20 ಲೀಟರಿನ ಕುಡಿಯುವ ನೀರಿನ ಕ್ಯಾನ್. ತುಂಬಿದ್ದು ಹೆಚ್ಚುಕಡಿಮೆ 21 ಕೆಜಿ. ಹತ್ತು ಕ್ಯಾನ್ ಇಟ್ಟು ಎಲ್ಲಿ ಎಷ್ಟು ಬೇಕೆಂದು ಒಂದು ಬೆಳಿಗ್ಗೆಯಲ್ಲಿ ಕಂಡುಕೊಳ್ಳಬಹುದು. ಆದರೆ ಬೆಲ್ಟಿನಿಂದ ಬಿಗಿಯಾಗಿ ಕಟ್ಟಿರಬೇಕು, ಬೋಟು ಥಟ್ಟನೆ ನಿಂತರೆ ಅವು ಕಾಲು ಮುರಿಯುವಷ್ಟು ಜೋರಾಗಿ ಉರುಳುತ್ತವೆ. ಪ್ರಯೋಗಕ್ಕೆ ಸರಿ, ದಿನನಿತ್ಯಕ್ಕೆ ಬೇಡ.

ಮರಳಿನ ಚೀಲ, ಜಿಮ್ಮಿನ ಕಬ್ಬಿಣದ ಪ್ಲೇಟು, ಸೀಸ ಇವನ್ನೂ ಕೆಲವರು ಹಾಕುತ್ತಾರೆ. ಮರಳು ಸೋರಿ ಬಿಲ್ಜ್ ಪಂಪ್ (ಬೋಟಿನ ತಳದಲ್ಲಿ ಸೇರಿದ ನೀರು ಹೊರಹಾಕುವ ಪಂಪ್) ಕಟ್ಟಿಕೊಳ್ಳುತ್ತದೆ. ಕಬ್ಬಿಣ, ಸೀಸದ ತೊಂದರೆ ಅದಕ್ಕಿಂತ ದೊಡ್ಡದು. ಬೋಟಿಗೆ ನೀರು ನುಗ್ಗಿ ಅರ್ಧ ಮುಳುಗಿತು ಎಂದುಕೊಳ್ಳಿ. ನೀರಿನ ಚೀಲ ನೀರೊಳಗೆ ತೂಗುವುದಿಲ್ಲ, ಅದು ಬೋಟನ್ನು ಕೆಳಕ್ಕೆ ಎಳೆಯುವುದಿಲ್ಲ. ಸೀಸ ನೀರಿಗಿಂತ 11 ಪಟ್ಟಿಗೂ ಹೆಚ್ಚು ಸಾಂದ್ರ, ಮುಳುಗಿದಾಗಲೂ ತನ್ನ ತೂಕದ ಹತ್ತರಲ್ಲಿ ಒಂಬತ್ತು ಪಾಲನ್ನು ಉಳಿಸಿಕೊಂಡಿರುತ್ತದೆ. ಬೋಟನ್ನು ತೇಲಿಸಬೇಕಾದ ಫೋಮ್ ಆ ಭಾರವನ್ನೂ ಹೊರಬೇಕು.

ಪಂಪ್ ವಿಚಾರಕ್ಕೆ ಬಂದರೆ, 360 ಲೀಟರಿಗೆ ಹಲ್‌ನಲ್ಲಿ ತೂತು ಕೊರೆಸಿ ಪೈಪ್ ಹಾಕಿಸುವುದು ನನ್ನ ಪ್ರಕಾರ ದುಂದು. ಪಕ್ಕದಿಂದ ನೀರಿಗೆ ಇಳಿಬಿಡುವ 12 ವೋಲ್ಟಿನ ಪಂಪ್ ಒಂದು ಸಾಕು. ಗಂಟೆಗೆ 1,200 ಗ್ಯಾಲನ್ ಎಂದು ಬರೆದದ್ದು ಕಾಗದದ ಮೇಲೆ ನಿಮಿಷಕ್ಕೆ 75 ಲೀಟರ್. ಪೈಪಿನ ಉದ್ದ, ಅಂಚಿನ ಎತ್ತರ ದಾಟುವಷ್ಟರಲ್ಲಿ 50 ಬಂದರೆ ಒಳ್ಳೆಯದು. ಮೂರೂ ಚೀಲಕ್ಕೆ ಏಳೆಂಟು ನಿಮಿಷ. ಈ ಬಗೆಯ ಪಂಪ್ ತಾನಾಗಿ ನೀರು ಎಳೆದುಕೊಳ್ಳುವುದಿಲ್ಲ, ಅದರ ತಲೆ ಯಾವಾಗಲೂ ನೀರಿನೊಳಗಿರಬೇಕು. ಸದ್ದು ಬರುತ್ತಿದೆ, ನೀರು ಬರುತ್ತಿಲ್ಲ ಎಂದರೆ ಒಳಗೆ ಗಾಳಿ ಸಿಕ್ಕಿದೆ. ಪೈಪ್ ಬಿಚ್ಚಿ, ಪಂಪನ್ನು ನೀರೊಳಗೆ ಓರೆ ಮಾಡಿ ಗುಳ್ಳೆ ಹೋದ ಮೇಲೆ ಮತ್ತೆ ಸಿಕ್ಕಿಸಿ. ಖಾಲಿ ಮಾಡುವಾಗ ಅದೇ ಪಂಪನ್ನು ಚೀಲದ ಕೆಳಗಿನ ಬಾಯಿಗೆ ಜೋಡಿಸಿ. ಚೀಲವನ್ನು ಬೋಟಿನೊಳಕ್ಕೇ ಬಿಚ್ಚಿ, ಬಿಲ್ಜ್ ಪಂಪ್ ನೋಡಿಕೊಳ್ಳಲಿ ಎಂದು ಬಿಡುವುದು ಕೆಟ್ಟ ಅಭ್ಯಾಸ. ಅಷ್ಟು ಹೊತ್ತೂ ಆ ನೀರು ನೆಲದಡಿ ಅತ್ತಿತ್ತ ಹೊಯ್ದಾಡುತ್ತಿರುತ್ತದೆ.

ಮುಂದೆ ಎಂದಾದರೂ ಶಾಶ್ವತ ಪೈಪ್ ಹಾಕಿಸಿದರೆ ಹಲ್‌ನ ತೂತಿಗೆ ಕಂಚಿನ ಮರೀನ್ ವಾಲ್ವ್ ಹಾಕಿಸಿ, ಬಚ್ಚಲಮನೆಯ ಹಿತ್ತಾಳೆ ನಲ್ಲಿ ಅಲ್ಲ. ತುಂಬಿದ ಮೇಲೆ ಅದನ್ನು ಮುಚ್ಚಿ. ತೆರೆದೇ ಬಿಟ್ಟರೆ ಓಡುವಾಗಿನ ಒತ್ತಡದಿಂದ ನೀರು ನುಗ್ಗುತ್ತಲೇ ಇದ್ದು ಚೀಲ ಉಬ್ಬಿ ಬಿರಿಯುತ್ತದೆ.

ವೈರು, ಸ್ವಿಚ್ಚು ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ, ಜೆ.ಸಿ. ರಸ್ತೆಯಲ್ಲಿ ಕಾರಿನ 12 ವೋಲ್ಟ್ ಸಾಮಾನೂ ಬೇಕಾದಷ್ಟಿದೆ. ಆದರೆ ನೆಲದಡಿಯಲ್ಲಿ ಪೆಟ್ರೋಲ್ ಟ್ಯಾಂಕ್ ಇರುವ ಬೋಟಿನೊಳಗೆ ಕಾರಿನ ಮೋಟರು, ರಿಲೇ ಹಾಕಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ, ಒಂದು ಕಿಡಿ ಸಾಕು. ಕಿಡಿ ಹೊರಬರದಂತೆ ಮುಚ್ಚಿದ ಮರೀನ್ ಮಾದರಿಯೇ ಬೇಕು. ಫ್ಯೂಸನ್ನು ಪಂಪಿನ ಮೇಲೆ ಬರೆದಷ್ಟೇ ಹಾಕಿ, ಬ್ಯಾಟರಿಯ ಹತ್ತಿರವೇ ಹಾಕಿ. ಪೈಪ್ ಬಿಗಿಯುವ ಕ್ಲಿಪ್ಪುಗಳು ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ.

ಆರ್‌ಪಿಎಂ 4,500ಕ್ಕೆ ನಿಂತ ವಿಷಯ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಈ ವರ್ಗದ ಎಂಜಿನ್‌ಗಳು ಫುಲ್ ಥ್ರಾಟಲ್‌ನಲ್ಲಿ ಸಾಮಾನ್ಯವಾಗಿ 5,000ದಿಂದ 6,000 ಮುಟ್ಟಬೇಕು, ನಿಮ್ಮದರ ಅಂಕಿ ಕೈಪಿಡಿಯಲ್ಲಿದೆ. ಅದಕ್ಕಿಂತ ಕೆಳಗೆ ದುಡಿಸಿದರೆ ಎಂಜಿನ್ ಏದುಸಿರು ಬಿಡುತ್ತಾ, ಬಿಸಿಯಾಗುತ್ತಾ, ಪೆಟ್ರೋಲ್ ಕುಡಿಯುತ್ತಾ ಸವೆಯುತ್ತದೆ. ಇದಕ್ಕೆ ಅತಿಭಾರ ಒಂದು ಕಾರಣ, ನಮ್ಮ ಎತ್ತರ ಇನ್ನೊಂದು. ಪ್ರತಿ 300 ಮೀಟರ್ ಏರಿಗೆ ಟರ್ಬೊ ಇಲ್ಲದ ಎಂಜಿನ್ ಸುಮಾರು 3 ಶೇಕಡಾ ಶಕ್ತಿ ಕಳೆದುಕೊಳ್ಳುತ್ತದೆ. ಹಳೇ ಮೈಸೂರು ಭಾಗದ ಜಲಾಶಯಗಳು ಸಮುದ್ರಮಟ್ಟದಿಂದ ಏಳೆಂಟು ನೂರು ಮೀಟರ್ ಎತ್ತರದಲ್ಲಿವೆ. ಅಂದರೆ ನಿಮ್ಮ 150 ಎಚ್‌ಪಿ ಅಲ್ಲಿ 139ರ ಆಸುಪಾಸು. ಕರಾವಳಿಗೆಂದು ಆರಿಸಿದ ಪ್ರೊಪೆಲರ್ ಇಲ್ಲಿಗೆ ಭಾರ. ಪಿಚ್ (ಪ್ರೊಪೆಲರ್ ಒಂದು ಸುತ್ತಿಗೆ ಲೆಕ್ಕದಲ್ಲಿ ಮುಂದೆ ಸಾಗುವ ದೂರ) ಒಂದು ಇಂಚು ಇಳಿಸಿದರೆ 150ರಿಂದ 200 ಆರ್‌ಪಿಎಂ ಏರುತ್ತದೆ. 360 ಕೆಜಿ ತುಂಬಿ ಫುಲ್ ಥ್ರಾಟಲ್ ಕೊಟ್ಟು ನೋಡಿ. 5,200 ದಾಟದಿದ್ದರೆ 17ರ ಪಿಚ್ ಇದ್ದವರು 15ಕ್ಕೆ ಇಳಿಯಿರಿ. ಖಾಲಿ ಬೋಟಿನಲ್ಲಿ ಅದೇ ಪ್ರೊಪೆಲರ್ 6,000 ಮೀರಬಹುದು, ಆಗ ಥ್ರಾಟಲ್ ಪೂರ್ತಿ ತಳ್ಳದಿದ್ದರಾಯಿತು.

ಅಪಾಯದ ಬಗ್ಗೆ ಎರಡು ಮಾತು ಹೇಳಲೇಬೇಕು. ಮುಂದೆ ತೂಕ ಇಟ್ಟ ಬೌರೈಡರ್ ಮುಳುಗುವುದು ಹೆಚ್ಚಾಗಿ ತಿರುವಿನಲ್ಲಿ. ಸವಾರ ಬಿದ್ದ ತಕ್ಷಣ ಜೋರಾಗಿ ತಿರುಗಿಸಿ ವಾಪಸ್ ಬಂದು, ತಮ್ಮದೇ ವೇಕ್ ಎದುರಾದಾಗ ಥ್ರಾಟಲ್ ಬಿಡುತ್ತಾರೆ. ಮೂತಿ ಕುಸಿಯುತ್ತದೆ, ಅಲೆ ಮೇಲಿಂದ ಒಳಗೆ ಬರುತ್ತದೆ, ಒಂದೇ ಅಲೆಗೆ ನೂರಾರು ಲೀಟರ್. ಸವಾರ ಬಿದ್ದರೆ ನೇರವಾಗಿಯೇ ವೇಗ ಇಳಿಸಿ, ವೇಕ್ ಮುಂದಕ್ಕೆ ಹೋಗಲು ಬಿಟ್ಟು, ಆಮೇಲೆ ನಿಧಾನವಾಗಿ ತಿರುಗಿ. ಹಿಂಬದಿ ಆಳಕ್ಕೆ ಕೂತ ಬೋಟಿನಲ್ಲಿ ಟ್ರಾನ್ಸಮ್ ಅಂಚು ನೀರಿಗೆ ಎಷ್ಟು ಹತ್ತಿರ ಬಂತು ಎಂದೂ ನೋಡಿ. ಥಟ್ಟನೆ ನಿಂತಾಗ ಹಿಂದಿನ ಅಲೆ ಅಲ್ಲಿಂದಲೇ ಹತ್ತುತ್ತದೆ.

ಇನ್ನೊಂದು, ವೇಕ್‌ಸರ್ಫಿಂಗ್. ಎಲ್ಲ ತೂಕವನ್ನು ಒಂದೇ ಮೂಲೆಗೆ ಹಾಕಿ, 16ರಿಂದ 19 ಕಿ.ಮೀ. ವೇಗದಲ್ಲಿ, ಬೋಟಿಗೆ ಅಂಟಿಕೊಂಡಂತೆ ಹಗ್ಗ ಬಿಟ್ಟು ಆಡುವ ಆಟ ಅದು. ಪ್ರೊಪೆಲರ್ ಹಲ್‌ನ ಅಡಿಯಲ್ಲಿ ಅಡಗಿರುವ ಇನ್‌ಬೋರ್ಡ್‌ಗೆ ಮಾತ್ರ ಸರಿ. ಔಟ್‌ಬೋರ್ಡ್ ಹಿಂದೆ ಸರ್ಫ್ ಮಾಡಬೇಡಿ, ಬಿದ್ದವರು ನೇರವಾಗಿ ಪ್ರೊಪೆಲರ್ ಪಕ್ಕದಲ್ಲೇ ಇರುತ್ತಾರೆ. ಎಂಜಿನ್ ಓಡುತ್ತಿರುವಾಗ ಹಿಂದಿನ ಮೆಟ್ಟಿಲ ಮೇಲೆ ಯಾರೂ ಕೂರಬಾರದು, ಹೊಗೆಯ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ.

ಚೀಲಗಳನ್ನು ಬೋಟು ನೀರಿಗಿಳಿದ ಮೇಲೆಯೇ ತುಂಬಿ, ದಡಕ್ಕೆ ಬರುವ ಮೊದಲೇ ಖಾಲಿ ಮಾಡಿ. 360 ಕೆಜಿ ಹೊತ್ತ ಬೋಟನ್ನು ಟ್ರೇಲರಿಗೆ ಏರಿಸಿದರೆ ಆಕ್ಸಲ್ ಬಾಗಬಹುದು, ಎಕ್ಸ್‌ಪ್ರೆಸ್‌ವೇ ಮೇಲೆ ಬ್ರೇಕ್ ಸರಿಯಾಗಿ ಹಿಡಿಯದೆ ಹೋಗಬಹುದು. ಒಂದು ಕೆರೆಯಲ್ಲಿ ತುಂಬಿದ ಚೀಲವನ್ನು ಇನ್ನೊಂದು ಕೆರೆಯಲ್ಲಿ ಬಿಚ್ಚುವುದೂ ಬೇಡ, ಅಂತರಗಂಗೆ ಕಳೆಯ ಒಂದು ತುಂಡು ಹೊಸ ಜಾಗಕ್ಕೆ ಸೇರಿದರೆ ಕೆಲವೇ ತಿಂಗಳಲ್ಲಿ ದಡವೆಲ್ಲ ಅದೇ. ಮಳೆಗಾಲದ ಕೆಂಪು ನೀರು ತುಂಬಿದ್ದರೆ ಒಳಗೆ ಮಣ್ಣು ಕೂತಿರುತ್ತದೆ. ಮನೆಯಲ್ಲಿ ನಲ್ಲಿ ನೀರು ಹಾಕಿ ಅಲ್ಲಾಡಿಸಿ ಚೆಲ್ಲಿ, ಬಾಯಿ ತೆರೆದಿಟ್ಟು ನೆರಳಿನಲ್ಲಿ ಪೂರ್ತಿ ಒಣಗಿಸಿ. ಮಡಚಿದರೆ ಮಡಿಕೆಯಲ್ಲೇ ಬಿರುಕು ಬಿಡುತ್ತದೆ, ಸುರುಳಿ ಸುತ್ತಿ, ಇಲಿ ಸೇರದ ಡ್ರಮ್ಮಿನಲ್ಲಿ ಹಾಕಿ ಮುಚ್ಚಿಡಿ.